ಮಾತಾಡುವ ಕಂಪ್ಯೂಟರ್ ಕೈಕೊಟ್ಟ ವಾರ

ಮಾರ್ಚ್ 3, ಸೋಮವಾರ. ಬೆಳಿಗ್ಗೆ

ಬಟ್ಟೆ ಮಷಿನ್‌ಗೆ ಹಾಕಿ ಬಂದೆ. ಇವರು ಮೇಜಿನ ಮುಂದೆ ಮುಖ ಇಳಿಬಿಟ್ಟು ಕೂತಿದ್ದಾರೆ. ಕಂಪ್ಯೂಟರ್ ಶುರುವಾಗ್ತಿಲ್ಲ. ಫ್ಯಾನ್ ತಿರುಗುತ್ತೆ, ಲೈಟ್ ಹತ್ತುತ್ತೆ, ಸ್ಕ್ರೀನ್ ಮಾತ್ರ ಕಪ್ಪು. ಕೀಂ ಕೀಂ ಅಂತ ಬೀಪ್ ಬೇರೆ. ಆಫ್ ಮಾಡಿ ಆನ್ ಮಾಡಿದೆ. ಮತ್ತೆ ಅದೇ ರಾಗ.

ಬೇರೆಯವರ ಮನೇಲಾದ್ರೆ ಒಂದು ಮಷಿನ್ ಕೆಟ್ಟಿತು, ಅಷ್ಟೆ. ಇಲ್ಲಿ ಇವರ ಬಾಯೇ ಕಟ್ಟಿತು. ಆಪರೇಷನ್‌ನಲ್ಲಿ ಗಂಟಲಿನ ಧ್ವನಿಪೆಟ್ಟಿಗೆ ತೆಗೆದ ಮೇಲೆ ಇವರು ಟೈಪ್ ಮಾಡೋದು, ಅದು ಓದಿ ಹೇಳೋದು. "ಉಪ್ಪು ಸಾಲದು" ಅನ್ನೋದನ್ನೂ ಸ್ಟೇಷನ್‌ನಲ್ಲಿ ರೈಲು ಬಂತು ಅನ್ನೋ ಥರ ಹೇಳುತ್ತೆ. ನನ್ನ ಫೋನಲ್ಲಿ ಹಾಕಿಕೊಡ್ತೀನಿ ಅಂದೆ. ತಲೆ ಅಲ್ಲಾಡಿಸಿದರು. ಅಷ್ಟು ಸಣ್ಣ ಅಕ್ಷರ ಕಾಣಲ್ಲ.

ಭಾನುವಾರ ಕ್ಲಾಸ್ ಬೇರೆ. ಇವರ ಡ್ರೈವಿಂಗ್ ಸ್ಕೂಲ್ ಬಾಗಿಲು ಹಾಕಿದ ಮೇಲೆ ಇದೇ ಮೊದಲು, ನಮ್ಮ ಹಾಲ್‌ನಲ್ಲೇ. ರೋಡ್ ಸೈನ್ ಪಾಠ ಪೂರ್ತಿ ಟೈಪ್ ಮಾಡಿಟ್ಟಿದ್ದು ಅದರೊಳಗೇ...

ಮಾರ್ಚ್ 4, ಮಂಗಳವಾರ

ಮೈದುನನಿಗೆ ಫೋನ್ ಮಾಡಿದೆ. ಕಂಪ್ಯೂಟರ್ ರಿಪೇರಿ ಅವನ ಕೆಲಸ, ಆದರೆ ಈಗ ಊರಲ್ಲಿಲ್ಲ. ಮುಂದಿನ ವಾರವೇ ಬರೋದು.

"ಕೇಬಲ್ ನೋಡಿದ್ರಾ ಅತ್ತಿಗೆ?"

"ಎಲ್ಲಾ ಕಿತ್ತು ಮತ್ತೆ ಹಾಕಿದೆ."

"ಹಾಗಾದ್ರೆ ರ್‍ಯಾಮ್ ಸಡಿಲ ಆಗಿರುತ್ತೆ. ಪಕ್ಕದ ಮುಚ್ಚಳ ಬಿಚ್ಚಿ. ಒಳಗೆ ಉದ್ದಕ್ಕೆ ಒಂದು ಹಸಿರು ಪಟ್ಟಿ ಇರುತ್ತೆ. ತೆಗೆದು, ಅದರ ಹಳದಿ ಅಂಚನ್ನ ರಬ್ಬರ್‌ನಲ್ಲಿ ಉಜ್ಜಿ ಹಾಕಿ."

"ನಾನಾ? ಮಿಕ್ಸಿ ಬ್ಲೇಡನ್ನೂ ಬಿಚ್ಚಿದವಳಲ್ಲ ನಾನು."

"ಅದೇನು ಬಾಂಬಾ, ಸಿಡಿಯೋಕೆ? ಪ್ಲಗ್ ಕಿತ್ತಿಡಿ, ಸಾಕು."

ಫೋನ್ ಇಡುವಷ್ಟರಲ್ಲಿ ಇವರು ಸ್ಲೇಟ್ ಹಿಡಿದರು: "ಬಿಡು. ಕ್ಲಾಸ್ ಕ್ಯಾನ್ಸಲ್." ಹೋಗಿ ಗೋಡೆ ಕಡೆ ತಿರುಗಿ ಮಲಗಿದರು.

ಜಗಳ ಆಡೋಕೂ ಆಗಲ್ಲ ಇವರ ಜೊತೆ. ನಾನು ಕೂಗಬೇಕು, ಇವರು ಬರೀಬೇಕು. ಬರೆದು ಮುಗಿಸೋದರೊಳಗೆ ನನ್ನ ಕೋಪ ಆರಿಹೋಗಿರುತ್ತೆ.

ಆಪರೇಷನ್ ಆದ ಮೇಲೆ ಸ್ಪೀಚ್ ಥೆರಪಿ ಮೇಡಂ ಹೇಳಿದ್ದರು — ಗಾಳಿ ಒಳಗೆ ಎಳೆದು ತೇಗಿನ ಹಾಗೆ ಹೊರಗೆ ಬಿಡಿ, ಅದರಲ್ಲೇ ಮಾತು ಹುಟ್ಟುತ್ತೆ ಅಂತ. ಇವರು ಕೆಲವು ವಾರ ಮಾಡಿದರು. ಪಕ್ಕದ ಮನೆ ಅಜ್ಜಿ, ಪಾಪ, ಗೊತ್ತಿಲ್ಲದೆ "ಏನಪ್ಪಾ, ಊಟ ಜೋರಾ?" ಅಂದರು. ಅವತ್ತಿಗೆ ನಿಂತಿತು.

ಮಾರ್ಚ್ 7, ಶುಕ್ರವಾರ. ಸಂಜೆ

ಎರಡು ದಿನ ಏನೂ ಬರೆದಿಲ್ಲ. ಬರೆಯೋಕೆ ಏನಿತ್ತು? ಹಾಸಿಗೆ, ಗೋಡೆ, ಸ್ಲೇಟ್.

ಇವತ್ತು ಮಧ್ಯಾಹ್ನ ತಲೆ ಕೆಟ್ಟುಹೋಯ್ತು. ಸ್ಕ್ರೂಡ್ರೈವರ್ ತಗೊಂಡು ಕೂತೇಬಿಟ್ಟೆ. ಸ್ಕ್ರೂ ಬಂತು. ಮುಚ್ಚಳ ಬಂತು. ಒಳಗೆ ಹತ್ತಿ ಗಿರಣಿಯಷ್ಟು ಧೂಳು. ಹಸಿರು ಪಟ್ಟಿ ಕಾಣಿಸಿತು. ಕೈ ಹಾಕಬೇಕು, ಅಷ್ಟರಲ್ಲಿ ಹಿಂದಿನಿಂದ —

"ತಡಿ!"

ಯಾರು ಬಂದರು ಅಂತ ತಿರುಗಿದೆ. ಮುಂದಿನ ಬಾಗಿಲು ಹಾಕೇ ಇದೆ. ರೂಮಿನ ಬಾಗಿಲಲ್ಲಿ ಇವರು. ಬೆರಳು ಗೋಡೆ ಕಡೆ. ಪ್ಲಗ್ ಕಿತ್ತೇ ಇರಲಿಲ್ಲ ನಾನು. ಸ್ವಿಚ್ಚೂ ಆನ್.

"ಏನಂದ್ರಿ?"

ಕುತ್ತಿಗೆ ಮುಟ್ಟಿಕೊಂಡರು. ಬಾಯಿ ತೆರೆದರು, ಏನಿಲ್ಲ. ಮತ್ತೆ ಗಾಳಿ ಎಳೆದರು.

"ತ...ಡಿ."

ಒರಟು ದನಿ. ಕಲ್ಲಿನ ಮೇಲೆ ಕುರ್ಚಿ ಎಳೆದ ಹಾಗೆ. ನಾನು ಅತ್ತೆನೋ ನಕ್ಕೆನೋ... ಇವರು ಪ್ಲಗ್ ಕಿತ್ತು, ನನ್ನ ಪಕ್ಕ ನೆಲದ ಮೇಲೆ ಕೂತರು. ನಾನು ಧೂಳು ಹೊಡೆದೆ, ಇವರು ಪಟ್ಟಿ ಉಜ್ಜಿದರು. ಒತ್ತಿದರೆ ಟಕ್ ಅಂತ ಕೂತಿತು. ಆನ್ ಮಾಡಿದರೆ ಒಂದೇ ಬೀಪ್. ಸ್ಕ್ರೀನ್ ಬಂತು!

ಇವರು ಮೊದಲು ಟೈಪ್ ಮಾಡಿದ್ದನ್ನ ಅದು ಗಂಭೀರವಾಗಿ ಓದಿತು: "ನಿನಗೆ ಲೈಸೆನ್ಸ್ ಕೊಡುವುದಿಲ್ಲ."

ಮಾರ್ಚ್ 9, ಭಾನುವಾರ. ಕ್ಲಾಸ್ ನಡೀತಿದೆ

ಅಡುಗೆಮನೇಲಿ ಕೂತು ಬರೀತಿದ್ದೀನಿ. ನಾಲ್ಕು ಜನ ಬಂದಿದ್ದಾರೆ. ಸೈನ್ ಪಾಠ ಕಂಪ್ಯೂಟರೇ ಓದಿತು, ಎಡವದೆ. ಅವರಲ್ಲಿ ಒಬ್ಬಳು ನರ್ಸ್. ಬಾಯಿ ಸ್ವಲ್ಪ ಜಾಸ್ತಿ.

"ಸರ್, ಇಳಿಜಾರಲ್ಲಿ ಎಂಜಿನ್ ಆಫ್ ಮಾಡಿದ್ರೆ ಪೆಟ್ರೋಲ್ ಉಳಿಯಲ್ವಾ?"

ಕೀಬೋರ್ಡ್ ಸದ್ದಿಗೆ ಕಾದೆ. ಬರಲಿಲ್ಲ. ಅಯ್ಯೋ, ಮತ್ತೆ ಕೆಟ್ಟಿತಾ ಅಂತ ಎದ್ದೆ.

"ಬೇಡ."

ಕಂಪ್ಯೂಟರ್ ಅಲ್ಲ. ಇವರೇ. ಯಾರೋ ಕಿಸಕ್ಕಂದರು. ನನಗೆ ಪಕ್ಕದ ಮನೆ ಅಜ್ಜಿ ನೆನಪಾದರು.

ನರ್ಸ್ ಮಾತ್ರ ಏನೂ ಆಗದವಳ ಹಾಗೆ, "ಯಾಕೆ ಸರ್?" ಅಂದಳು.

ಗಾಳಿ ಎಳೆದದ್ದು ಇಲ್ಲಿಗೂ ಕೇಳಿಸಿತು. "ಬ್ರೇಕ್... ಗಟ್ಟಿ."

"ಓ, ಬ್ರೇಕ್ ಗಟ್ಟಿ ಆಗಿಬಿಡುತ್ತಾ! ಹಾಗಾದ್ರೆ ಸ್ಟೇರಿಂಗು?"

ಪುಣ್ಯಾತ್ಗಿತ್ತಿ, ಬಿಡೋ ಹಾಗೆ ಕಾಣಲ್ಲ. ಇವರು ಒಂದೊಂದೇ ಪದ ಎತ್ತಿ ಇಡ್ತಿದ್ದಾರೆ. ಕಿಸಕ್ಕಂದವನೂ ಈಗ ಏನೋ ಕೇಳ್ತಿದ್ದಾನೆ.

ಈಗ ನನ್ನನ್ನೇ ಕರೀತಿದ್ದಾರೆ ಅನ್ಸುತ್ತೆ. ಟೀ ಅಂತಲೋ, ಚಾಕ್‌ಪೀಸ್ ಅಂತಲೋ, ಗೊತ್ತಾಗ್ತಿಲ್ಲ. ಎರಡನ್ನೂ ತಗೊಂಡು ಹೊರಟೆ.