ಕಣ್ಣನ್ನು ತಿನ್ನುವ ಕಣ್ಣು

ಶಿರಗುಪ್ಪಿ, ಜನವರಿ ೧೯೯೪

ಅವ್ವಾ,

ಇವತ್ತು ನಮ್ಮ ಹೊಲದಲ್ಲಿ ದುಡಿಯುವ ಶೇವಂತಾಳನ್ನು ಚಿಕ್ಕೋಡಿಯ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ವಾರದ ಹಿಂದೆ ಅವಳ ಕಣ್ಣಿಗೆ ಕಬ್ಬಿನ ಗರಿ ಬಡಿದಿತ್ತು.

“ಒಳಗ ಯಾರೋ ಕುಂತು ಮೇಯಾಕತ್ತಾರ್ರಿ,” ಎಂದಳು.

ಡಾಕ್ಟರು ನನಗೂ ಯಂತ್ರದಲ್ಲಿ ತೋರಿಸಿದರು. ಕರಿಗುಡ್ಡೆಯ ಮೇಲಿನ ಗಾಜಿನಂಥ ಪೊರೆ ತೇವ ಹಿಡಿದ ಉಪ್ಪಿನಂತೆ ಸವೆದಿತ್ತು.

“ಹೊರಗಿನವ್ರು ಯಾರೂ ಇಲ್ಲವ್ವಾ,” ಎಂದರು ಡಾಕ್ಟರು. “ ಗಾಯದಾಗಿನ ಕೆಟ್ಟದ್ದನ್ನ ಕರಗಸಾಕ ಕಣ್ಣ ತಾನ ಒಂದು ಕಿಣ್ವ ಬಿಡತೈತಿ. ಅದು ಮಿತಿ ಮೀರಿದ್ರ ಚಲೋ ಭಾಗಾನೂ ಕರಗಸತೈತಿ. ಏನ ಹಾಕಿದ್ದಿ?”

“ನಮ್ಮತ್ತಿ ಕಣ್ಣಿನ ಆಪರೇಶನ್ನಿಗೆ ಕೊಟ್ಟ ಹನಿ ಉಳದಿತ್ರಿ.”

“ಅದನ್ನ ಇಂಥ ಗಾಯಕ್ಕ ಹಾಕಬಾರದವ್ವಾ. ಕರಗೂದು ಇನ್ನ ಜೋರ ಆಗತೈತಿ.”

ಅವಳ ಕಣ್ಣು ಉಳಿಯಬಹುದಂತೆ.

ಹತ್ತು ವರ್ಷದ ಹಿಂದೆ ನಿನಗೂ ಗರಿ ಬಡಿದಾಗ, ಅಪ್ಪನ ಕಣ್ಣಿನ ಆಪರೇಶನ್ನಿನ ಹನಿಯ ಸೀಸೆಯನ್ನು ನೀನು ನನ್ನ ಕೈಗೆ ಕೊಟ್ಟೆ. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವಳು ನಾನೊಬ್ಬಳೇ. ಕಣ್ಣಿನ ಔಷಧಿ ಎಂಬುದನ್ನಷ್ಟೇ ಓದಿ, “ಹಾಕ್ಕೋ” ಅಂದೆ. ಯಾರೋ ಒಳಗೆ ಮೇಯುತ್ತಿದ್ದಾರೆಂದು ನೀನೂ ಅಂದಾಗ ನಾನು ನಕ್ಕೆ.

ಆ ಕಣ್ಣು ಹೋದ ಮೇಲೂ, ಸಾಯುವ ತನಕ, ಕೇಳಿದವರಿಗೆಲ್ಲ ನೀನು ಹೇಳುತ್ತಿದ್ದೆ: “ಔಷಧ ಸರೀನ ಹಾಕೀನ್ರಿ. ನನ್ನ ಮಗಳ ಓದಿ ಹೇಳ್ಯಾಳ.”