ಲೋಟದ ತಳದ ನಾಣ್ಯ

ಸೆಪ್ಟೆಂಬರ್ ೧೪, ಮಂಗಳವಾರ. ಲೂಯಿಸಿಯಾನದ ಮನೆ, ಅಂದರೆ ಅದರಲ್ಲಿ ಉಳಿದಷ್ಟು.

ಆ ನಾಣ್ಯ ಕಣ್ಣಿನಿಂದ ಹೋಗುತ್ತಿಲ್ಲ.

ಚಂಡಮಾರುತಕ್ಕೆ ಊರು ಬಿಡುವ ಎಲ್ಲರಂತೆ ನನ್ನ ಹೆಂಡತಿ ಓಡೀಲ್ ಕೂಡ ಫ್ರೀಜರಿನಲ್ಲಿ ಒಂದು ಲೋಟ ಮಂಜುಗಡ್ಡೆಯ ಮೇಲೆ ನಾಣ್ಯ ಇಟ್ಟು ಬಂದಿದ್ದಳು. ಅದು ತಳಕ್ಕಿಳಿದಿದ್ದರೆ ಕರೆಂಟು ಹೋಗಿ ಎಲ್ಲ ಕರಗಿ, ಕೆಟ್ಟು, ಮತ್ತೆ ಗಟ್ಟಿಯಾಗಿದೆ ಎಂದೇ ಲೆಕ್ಕ. ಒಳಗಿದ್ದದ್ದು ಅವಳಮ್ಮ ಸಾಯುವ ಮುಂಚೆ ಮಾಡಿಟ್ಟ ಸಿಗಡಿ ಗಂಬೋ ಸಾರು, ಕೊನೆಯ ಡಬ್ಬಿ.

ಮನೆಗೆ ಮರಳುವ ದಾರಿಯಲ್ಲೇ ನನಗೆ ಹೇಳಿದ್ದಳು: "ರೆಮೀ, ಇದು ಮೂರನೇ ಸಲ. ಸಮುದ್ರ ವರ್ಷವರ್ಷ ಹತ್ರ ಬರ್ತಿದೆ, ವಿಮೆಯೋರು ದೂರ ಓಡ್ತಿದಾರೆ. ಅಮ್ಮನ ಗಂಬೋ ಉಳಿದಿದ್ರೆ ಇಲ್ಲೇ ಇರ್ತೀನಿ. ಇಲ್ಲಾಂದ್ರೆ ಟೆಕ್ಸಸ್‌ಗೆ, ತಂಗಿ ಮನೆಗೆ. ನಿನ್ ಬಣ್ಣದ ಮಾತು ಸಾಕು."

ನಾನೇ ಮೊದಲು ಒಳಹೊಕ್ಕೆ. ಮಲಗುವ ಕೋಣೆಯ ಮೇಲೆ ಚಾವಣಿಯಿಲ್ಲ. ಕರೆಂಟು ಬಂದಿತ್ತು. ನಾಣ್ಯ ತಳದಲ್ಲಿತ್ತು.

ಈ ಮನೆಯ ಒಂದೊಂದು ಹಲಗೆಗೂ ಮೊಳೆ ಹೊಡೆದವನು ನಾನು. ಮಂಜುಗಡ್ಡೆಯನ್ನು ಲೋಟದಿಂದ ಕಳಚಿ ತಲೆಕೆಳಗಾಗಿ ಕೂರಿಸಿದೆ. ನಾಣ್ಯ ಮೇಲೆ ಬಂತು. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಓಡೀಲ್ ನೋಡಿದಳು, ಶಿಲುಬೆಯ ಗುರುತು ಮಾಡಿಕೊಂಡಳು, ಅತ್ತಳು. "ಅಮ್ಮ ನಮ್ಮನ್ನ ಬಿಟ್ಟಿಲ್ಲ ಕಣೋ! ಇನ್ನೂ ಯಾಕೆ ಕೂಡಿಡೋದು? ನಾಳೆ ಚಾವಣಿ ಹೊದಿಸೋಕೆ ಬರೋ ನೆರೆಯೋರಿಗೆಲ್ಲ ಬಡಿಸ್ತೀನಿ. ಮೊದಲ ಬಟ್ಟಲು ನಿಂಗೆ."

ಡಬ್ಬಿ ಈಗ ಸಿಂಕಿನಲ್ಲಿ ಕರಗುತ್ತಿದೆ. ಕೈಜಾರಿತೆಂದು ಚೆಲ್ಲಿಬಿಡಬಹುದು, ಆದರೆ ಅದು ಅವಳಮ್ಮನ ಕೈಯಡುಗೆ. ಅವಳು ಅಡುಗೆಮನೆಯ ನೆಲದ ಮೇಲೆ ನೆಮ್ಮದಿಯಾಗಿ ಮಲಗಿದ್ದಾಳೆ. ಎಬ್ಬಿಸಬೇಕು. ಎಬ್ಬಿಸಿ ಹೇಳಿದರೆ ಬೆಳಗಾಗುವಷ್ಟರಲ್ಲಿ ಈ ಮನೆ ಖಾಲಿಯಾಗುತ್ತದೆ; ಹೇಳದಿದ್ದರೆ ಕೆಟ್ಟ ಗಂಬೋದ ಮೊದಲ ಬಟ್ಟಲು ನನ್ನದು.