ಸೀಲಿಂಗಿಗೆ ತಾಗಿದ ಕಪಾಟು

೬ ಫೆಬ್ರವರಿ ೨೦೧೫, ಶುಕ್ರವಾರ. ತಾಯಿಫ್

ಇವತ್ತೂ ಸೂಟ್‌ಕೇಸ್ ಮೇಲೆ ಕೂತು ಇವರ ಅಂಗಿಗೆ ಗುಂಡಿ ಹೊಲಿದೆ. ಕುರ್ಚಿ ಇಲ್ಲ ಅಂತಲ್ಲ. ಕುರ್ಚಿ ಮೇಲೆ ಇವರ ಪ್ಯಾಂಟುಗಳು, ಪ್ಯಾಂಟುಗಳ ಮೇಲೆ ಟವೆಲ್, ಟವೆಲ್ ಮೇಲೆ ಟೊಪ್ಪಿ. ಈ ಮನೆಯಲ್ಲಿ ಒಂದು ಕಪಾಟಿಲ್ಲ. ಬಂದು ತಿಂಗಳಾಯಿತು, ನನ್ನ ಬಟ್ಟೆ ಇನ್ನೂ ಸೂಟ್‌ಕೇಸಲ್ಲೇ.

ಎರಡು ವರ್ಷಕ್ಕೊಮ್ಮೆ ನಮ್ಮೂರು ಫರಂಗಿಪೇಟೆಗೆ ರಜೆಯಲ್ಲಿ ಬರುತ್ತಿದ್ದ ಆ ಇಸ್ತ್ರಿ ಅಂಗಿಯ, ಅತ್ತರು ಹಚ್ಚಿದ ಜನ ಇವರೇನಾ ಅಂತ ಸಂಶಯ ಬರುತ್ತದೆ. ಮದುವೆಯಾಗಿ ಇಪ್ಪತ್ತೆರಡು ವರ್ಷ. ಒಟ್ಟಿಗೆ ಇದ್ದದ್ದು ಕೂಡಿಸಿದರೆ ಎರಡು ವರ್ಷ ಆಗಲಿಕ್ಕಿಲ್ಲ.

ಜುಮಾ ನಮಾಜು ಮುಗಿಸಿ ಬಂದು ತುಪ್ಪದನ್ನ ತಿನ್ನುತ್ತಾ ಅಂದರು — "ಕಪಾಟು ನಾನೇ ಮಾಡುತ್ತೇನೆ. ನೆಲದಿಂದ ಸೀಲಿಂಗ್ ತನಕ."

"ನೀವಾ?"

"ಆಸ್ಪತ್ರೆಯ ಎಸಿ ಎಲ್ಲ ಬಿಚ್ಚಿ ಜೋಡಿಸುವವ ನಾನು ಮಾರಾಯ್ತಿ. ಕಪಾಟು ಎಂತ ದೊಡ್ಡದು?"

"ವಿಸಿಟ್ ವೀಸಾ ಮುಗಿಯಲಿಕ್ಕೆ ಇನ್ನು ಎರಡೇ ತಿಂಗಳು. ಅದಕ್ಕೆ ಕಪಾಟು ಯಾಕೆ?"

ಇನ್ನೊಂದು ಸೌಟು ಅನ್ನ ಬಡಿಸಿಕೊಂಡರು.

೧೩ ಫೆಬ್ರವರಿ

ಹಲಗೆ ಬಂತು. ಮೆಲಮೈನ್ ಅಂತೆ. ಮರದ ಪುಡಿ ಒತ್ತಿ ಮಾಡಿದ್ದು, ಮೇಲೆ ನುಣ್ಣಗೆ ಬಿಳಿ ಪದರ. ಪೇಂಟ್ ಬೇಡ, ಒರೆಸಿದರಾಯಿತು. ಅಂಗಡಿಯಲ್ಲಿ ಇಕ್ರಾಮುಲ್ಲಾ ಅಂತ ಒಬ್ಬ ಪಠಾಣ ಮಿಷನಿನಲ್ಲಿ ಅಳತೆಗೆ ಕೊಯ್ದು ಕೊಟ್ಟಿದ್ದಾನೆ. ಕೆಳಗಿನ ಮನೆಯ ಸಿದ್ದೀಕ್ — ನಮ್ಮ ಬಂಟ್ವಾಳದ ಹುಡುಗ, ಇವರ ಆಸ್ಪತ್ರೆಯಲ್ಲೇ ನರ್ಸ್ — ಮತ್ತು ಇವರು ಸೇರಿ ಮೂರು ಮಾಳಿಗೆ ಹೊತ್ತರು. ಮೆಟ್ಟಿಲ ತಿರುವಿನಲ್ಲಿ ಪ್ರತಿ ಸಲ "ಯಲ್ಲಾ, ಯಲ್ಲಾ" — ನಡಿ, ನಡಿ — ಅಂತ ಅರಬಿಯಲ್ಲಿ ಬೊಬ್ಬೆ. ಇಬ್ಬರಲ್ಲಿ ಯಾರೂ ಅರಬಿ ಅಲ್ಲ.

೧೪ ಫೆಬ್ರವರಿ, ರಾತ್ರಿ

ಕೊಯ್ದ ಅಂಚು ಒರಟು. ಹಲಗೆಯ ಒಳಗಿನ ಪುಡಿ ಕಾಣುತ್ತದೆ. ಅದಕ್ಕೆ ಬಿಳಿ ಟೇಪು ಇಟ್ಟು ಮೇಲಿಂದ ಇಸ್ತ್ರಿ ಪೆಟ್ಟಿಗೆ ಎಳೆಯಬೇಕು, ಅಂಟು ಕರಗಿ ಹಿಡಿಯುತ್ತದೆ. ಇವರು ಮೊದಲನೆಯದನ್ನೇ ಕರಟಿಸಿದರು. ಮನೆಯೆಲ್ಲ ವಾಸನೆ.

"ಕೊಡಿ ಇಲ್ಲಿ," ಅಂದೆ. ಊರಲ್ಲಿ ಹೊಲಿಗೆ ಕ್ಲಾಸ್ ನಡೆಸುವವಳು ನಾನು, ಬಾರ್ಡರ್ ಕೂರಿಸುವುದು ಯಾರಿಗೆ ಹೇಳುತ್ತೀರಿ. ಸಂಜೆಯೊಳಗೆ ಎಲ್ಲ ಅಂಚು ಮುಗಿಸಿದೆ. ಇವರು ಪಕ್ಕದಲ್ಲಿ ಕೂತು ಟೇಪು ತುಂಡು ಮಾಡಿಕೊಟ್ಟರು. ನಡುವೆ ಒಮ್ಮೆ ನನ್ನ ಕೈಯನ್ನೇ ನೋಡುತ್ತಾ ಕೂತಿದ್ದರು.

"ಎಂತ?"

"ನೀನು ಕೆಲಸ ಮಾಡುವುದನ್ನು ನಾನು ನೋಡಿಯೇ ಇರಲಿಲ್ಲ."

ಹೌದಲ್ಲ. ಇವರು ಬಂದಾಗ ಕ್ಲಾಸಿಗೆ ರಜೆ ಕೊಡುತ್ತಿದ್ದೆ…

೨೦ ಫೆಬ್ರವರಿ

ಇವರು ಸ್ಕ್ರೂಗಳ ಹತ್ತಿರ ಮಾತಾಡುತ್ತಾರೆ! "ಹೋಗು ಮಗಾ, ನೆಟ್ಟಗೆ ಹೋಗು." ಹೋಗದಿದ್ದರೆ ಬೈಗುಳ ಬ್ಯಾರಿ ಭಾಷೆಯಲ್ಲಿ. ಅಡುಗೆ ಕೋಣೆಯಲ್ಲಿ ನಕ್ಕು ನಕ್ಕು ಸಾಕಾಯಿತು.

ಕಪಾಟನ್ನು ನೆಲದಲ್ಲಿ ಮಲಗಿಸಿಯೇ ಜೋಡಿಸಿದ್ದಾರೆ. ಚಂದ ಆಗಿದೆ. ಸುಳ್ಳಲ್ಲ. ನಾಳೆ ಎತ್ತಿ ನಿಲ್ಲಿಸುವುದು.

೨೧ ಫೆಬ್ರವರಿ

ನಿಲ್ಲಲಿಲ್ಲ.

ಸಿದ್ದೀಕ್ ಒಂದು ಕಡೆ, ಇವರು ಒಂದು ಕಡೆ. ಮುಕ್ಕಾಲು ಪಾಲು ಎದ್ದಿತು. ಆಮೇಲೆ ಮೇಲಿನ ಮೂಲೆ ಸೀಲಿಂಗಿಗೆ ತಾಗಿತು. ಹಿಂದೆ ಇಲ್ಲ, ಮುಂದೆ ಇಲ್ಲ. ನಿಂತ ಮೇಲೆ ಸೀಲಿಂಗಿಗೂ ಕಪಾಟಿಗೂ ನಡುವೆ ನಾಲ್ಕು ಬೆರಳು ಜಾಗ ಇರುವ ಲೆಕ್ಕ. ಆದರೆ ಏಳುವಾಗ ಅದು ಓರೆಯಲ್ಲಿ ಏಳಬೇಕಲ್ಲ! ಮೂಲೆಯಿಂದ ಮೂಲೆಗೆ ಉದ್ದ ಹೆಚ್ಚು. ಅದು ಯಾರ ತಲೆಗೂ ಹೊಳೆಯಲಿಲ್ಲ. ಸೀಲಿಂಗಿನ ಸುಣ್ಣ ಇವರ ಗಡ್ಡದ ಮೇಲೆ ಉದುರಿತು. ಪುನಃ ಮಲಗಿಸಿದರು.

ನಾನು ಸುಮ್ಮನಿರಬೇಕಿತ್ತು. "ಬಡಗಿಯನ್ನು ಕರೆಯಿರಿ. ಊರಲ್ಲಾದರೆ ಒಂದು ಫೋನ್ ಮಾಡಿ ಎಲ್ಲ ಮುಗಿಸುತ್ತಿದ್ದೆ" ಅಂದೆ. ಸಿದ್ದೀಕನ ಎದುರೇ.

ಇವರು ಸ್ಕ್ರೂಡ್ರೈವರ್ ಕೆಳಗಿಟ್ಟರು. ಮೆಲ್ಲಗೆ. ಎಸೆದಿದ್ದರೆ ಇಷ್ಟು ಬೇಸರ ಆಗುತ್ತಿರಲಿಲ್ಲ. ಚಪ್ಪಲಿ ಹಾಕಿ ಹೊರಗೆ ಹೋದರು.

೨೪ ಫೆಬ್ರವರಿ

ಕಪಾಟು ಮಲಗುವ ಕೋಣೆಯಲ್ಲಿ ದೋಣಿ ಹಾಗೆ ಬಿದ್ದಿದೆ. ಮಂಚಕ್ಕೆ ಹೋಗಬೇಕಾದರೆ ದಾಟಬೇಕು. ಇಬ್ಬರೂ ದಾಟುತ್ತೇವೆ. "ಚಹಾ?" "ಆಯ್ತು." ಅಷ್ಟೇ.

ಶಹಲಾ ಫೋನ್ ಮಾಡಿದ್ದಳು. ಮಗಳಿಗೆ ಮದುವೆಯಾದದ್ದೇ ತಡ, ನನಗೆ ಬುದ್ಧಿ ಹೇಳುವಷ್ಟಾಗಿದ್ದಾಳೆ. "ಉಮ್ಮ, ಕ್ಲಾಸಿನ ಹುಡುಗಿಯರು ಕೇಳುತ್ತಿದ್ದಾರೆ, ಯಾವಾಗ ಬರುತ್ತೀ?" ವೀಸಾ ಮುಗಿದ ಕೂಡಲೇ ಅಂದೆ. ಇವರು ಬಾಗಿಲ ಹತ್ತಿರ ಇದ್ದರು. ಕೇಳಿರಬೇಕು.

೨೬ ಫೆಬ್ರವರಿ, ಅಸರ್ ನಮಾಜು ಆದ ಮೇಲೆ

ಇವರೇ ಚಹಾ ಮಾಡಿದರು. ಏಲಕ್ಕಿ ಜಾಸ್ತಿ. ಗ್ಲಾಸು ಕೈಗೆ ಕೊಟ್ಟು ಕಪಾಟಿನ ಮೇಲೆಯೇ ಕೂತರು.

"ಹಲೀಮಾ, ಒಂದು ಹೇಳಲಾ. ಊರಿನ ಮನೆ ಕಟ್ಟಿಸಿದ್ದು ನೀನು. ಜಾಗ ನೋಡಿದ್ದು, ಮೇಸ್ತ್ರಿಯ ಹತ್ತಿರ ಜಗಳ ಮಾಡಿದ್ದು, ಎಲ್ಲ ನೀನೇ. ನಾನು ಬಂದರೆ ನೆಂಟ. ಒಮ್ಮೆ ನಲ್ಲಿ ಸೋರುತ್ತಿತ್ತು. ಸ್ಪ್ಯಾನರ್ ಹಿಡಿದೆ. ನೀನು ಓಡಿ ಬಂದು, 'ಇರುವ ನಾಲ್ಕು ದಿನದಲ್ಲಿ ನಿಮಗೆ ಯಾಕೆ ಇದೆಲ್ಲ' ಅಂತ ಕೈಯಿಂದ ತೆಗೆದುಕೊಂಡೆ. ಪ್ರೀತಿಯಿಂದಲೇ. ಗೊತ್ತು. ಆದರೆ ಆ ಮನೆಯಲ್ಲಿ ನನ್ನ ಕೈಯಿಂದ ಹೊಡೆದ ಒಂದು ಮೊಳೆ ಇಲ್ಲ."

ಕಪಾಟಿನ ಅಂಚು ಸವರಿ — "ನಿನಗೆ ಅಂತ ಏನಾದರೂ ಒಂದು ಮಾಡಬೇಕು ಅನ್ನಿಸಿತು. ಎರಡು ತಿಂಗಳಿಗಾದರೂ ಸರಿ."

ಚಹಾ ಬಿಸಿ ಇದೆ ಅಂತ ಸೆರಗಿನಲ್ಲಿ ಕಣ್ಣು ಒರೆಸಿದೆ. ಚಹಾಕ್ಕೂ ಕಣ್ಣಿಗೂ ಎಂತ ಸಂಬಂಧವೋ.

೨೭ ಫೆಬ್ರವರಿ, ಶುಕ್ರವಾರ

ಬೆಳಿಗ್ಗೆ ದೋಸೆ ಹೊಯ್ಯುವಾಗ ಹೊಳೆಯಿತು. ಹೆಂಚಿಗೆ ಕಾಲಿಲ್ಲ. ಒಲೆಗೆ ಉಂಟು, ಹೆಂಚು ಅದರ ಮೇಲೆ ಕೂರುತ್ತದೆ. ಕಪಾಟಿನ ಕಾಲು ಕೊಯ್ದರೆ ಆಯಿತಲ್ಲ! ಕೆಳಗಿನ ಒಂದು ಗೇಣಿನಷ್ಟು ಅಡ್ಡ ಕೊಯ್ಯುವುದು. ಅಷ್ಟೇ ಎತ್ತರದ ಗಟ್ಟಿ ಪೀಠ ಬೇರೆ ಮಾಡಿ ಗೋಡೆಗೆ ತಾಗಿಸಿ ಇಡುವುದು. ಗಿಡ್ಡ ಆದ ಕಪಾಟು ಸಲೀಸಾಗಿ ಏಳುತ್ತದೆ. ಎದ್ದ ಮೇಲೆ ಪೀಠಕ್ಕೆ ಹತ್ತಿಸುವುದು.

ಸಟ್ಟುಗ ಹಿಡಿದುಕೊಂಡೇ ಹೋಗಿ ಹೇಳಿದೆ. ಇವರು ನನ್ನ ಮುಖ ನೋಡಿದರು, ಕಪಾಟು ನೋಡಿದರು, ಪುನಃ ನನ್ನ ಮುಖ ನೋಡಿದರು. "ಹಲೀಮಾ ಇಂಜಿನಿಯರ್!" ಅಂದರು. ದೋಸೆ ಸೀದಿತು.

ಜುಮಾ ಆದ ಮೇಲೆ ಕೊಯ್ದರು. ಬಿಳಿ ಪದರ ಏಳದ ಹಾಗೆ ಗೀಟಿನ ಮೇಲೆ ಟೇಪು ಅಂಟಿಸಿಕೊಟ್ಟೆ. ಪೀಠ ಇಟ್ಟರೆ ಒಂದು ಮೂಲೆ ಕುಣಿಯುತ್ತದೆ — ಈ ಬಿಲ್ಡಿಂಗಿನ ನೆಲವೇ ಸೊಟ್ಟ. ಅದರ ಅಡಿಗೆ ಹಲಗೆಯ ಚೂರು ಸಿಗಿಸಿ ಮಟ್ಟ ಮಾಡಿದರು.

ಸಿದ್ದೀಕ್ ಡ್ಯೂಟಿಯಲ್ಲಿ. "ನಾಳೆ ಅವನು ಬರಲಿ" ಅಂದರು.

"ನಾನಿಲ್ಲವಾ?"

ಒಳಗಿನ ಅಡ್ಡ ಹಲಗೆಯ ತಟ್ಟೆಗಳನ್ನೆಲ್ಲ ತೆಗೆದು ಹಗುರ ಮಾಡಿದೆವು. ಸೆರಗು ಸೊಂಟಕ್ಕೆ ಸಿಗಿಸಿದೆ. ಬಿಸ್ಮಿಲ್ಲಾ ಅಂತ ಎತ್ತಿದೆವು. ಮೂಲೆ ಸೀಲಿಂಗಿನ ಅಡಿಯಿಂದ ಜಾರಿತು… ಕೂದಲೆಳೆಯಷ್ಟು ಅಲ್ಲ, ಒಂದು ಗೇಣಿನ ಹತ್ತಿರ ಜಾಗ ಬಿಟ್ಟು ಹೋಯಿತು! ಎದ್ದು ನಿಂತಿತು. ಒಂದು ಬದಿ, ಇನ್ನೊಂದು ಬದಿ ಅಂತ ಓಲಾಡಿಸಿ ಪೀಠಕ್ಕೆ ಹತ್ತಿಸಿದೆವು. ಕೂಡಲೇ ಗೋಡೆಗೆ ಕ್ಲಾಂಪ್ ಹಾಕಿ ಬಿಗಿದರು, ಮುಂದಕ್ಕೆ ಬೀಳಬಾರದಲ್ಲ.

ಇಬ್ಬರೂ ನೆಲದಲ್ಲಿ ಕಾಲು ಚಾಚಿ ಕೂತೆವು. ಏದುಸಿರು. ಇವರ ಮೊಣಕೈ ತರಚಿ ರಕ್ತ. ನೋಯುತ್ತದಾ ಕೇಳಿದರೆ ಹಲ್ಲು ಕಿಸಿದರು.

೭ ಮಾರ್ಚ್

ಬಾಗಿಲು ಕೂರಿಸಿದರು. ಒಂದು ಮೇಲೆ, ಒಂದು ಕೆಳಗೆ. ಬಿಜಾಗರಿಯ ಸ್ಕ್ರೂ ಬಿಗಿ ಮಾಡು, ಸಡಿಲ ಮಾಡು, ಇಡೀ ದಿನ ಅದೇ. ಕೊನೆಗೂ ಸಾಲು ಸರಿ ಬಂತು. ಸೂಟ್‌ಕೇಸ್ ಖಾಲಿ ಮಾಡಿದೆ.

೨೮ ಮಾರ್ಚ್

ಬರೆಯದೆ ಎಷ್ಟು ದಿನ. ವೀಸಾ ಮುಂದಿನ ವಾರ ಮುಗಿಯುತ್ತದೆ. ಇವರು ಬಾಯಿ ಬಿಡುವುದಿಲ್ಲ. ಟಿಕೆಟ್ ಮಾತೂ ಇಲ್ಲ, ಇರು ಅನ್ನುವ ಮಾತೂ ಇಲ್ಲ. ನಾಲ್ಕು ದಿನ ಕಾದೆ. ಇವತ್ತು ಅಲ್ ಹದಾ ಬೆಟ್ಟದ ಕಡೆ ಗುಲಾಬಿ ತೋಟ ನೋಡಲಿಕ್ಕೆ ಕರೆದುಕೊಂಡು ಹೋದಾಗ ನಾನೇ ಕೇಳಿದೆ.

"ಇರು ಅಂತ ಒಂದು ಮಾತು ಹೇಳುವುದಿಲ್ಲವಾ?"

"ಹೇಳಿದರೆ ನೀನು ಇರುತ್ತಿ. ಅದಕ್ಕೇ ಹೇಳಲಿಲ್ಲ. ಊರಲ್ಲಿ ನಿನ್ನ ಕ್ಲಾಸು ಉಂಟು. ನಾನು ಕಷ್ಟದಲ್ಲಿ ಹೆಂಡತಿ ಇಲ್ಲದೆ ಇರಲಿಕ್ಕೆ ಕಲಿತವ."

"ನಾನೂ ಕಲಿತವಳೇ," ಅಂದೆ. "ಈಗ ಮರೆತು ಹೋಗಿದೆ."

ಅಲ್ಲೇ ನಿಂತು ಶಹಲಾಗೆ ಫೋನ್ ಮಾಡಿದೆ. ಇನ್ನು ಮೂರು ತಿಂಗಳು ಇಲ್ಲೇ ಅಂದೆ. ವೀಸಾ ಮುಂದುವರಿಸುತ್ತಾರೆ. ರಂಝಾನ್ ತಿಂಗಳಿಗೆ ಇವರೂ ರಜೆ ಹಾಕಿ, ಇಬ್ಬರೂ ಒಟ್ಟಿಗೆ ಊರಿಗೆ. ಒಂದೇ ವಿಮಾನದಲ್ಲಿ ಇದೇ ಮೊದಲು. ಕ್ಲಾಸು ಅಷ್ಟರ ತನಕ ಅವಳು ನೋಡಿಕೊಳ್ಳುತ್ತಾಳಂತೆ. "ಉಮ್ಮ, ಉಪ್ಪ ಪಕ್ಕದಲ್ಲಿ ಇದ್ದಾರಾ? ಮಾತೇ ಇಲ್ಲ?" ಕೇಳಿದಳು. ಇದ್ದರು. ಗುಲಾಬಿ ಗಿಡಕ್ಕೆ ಮುಖ ಮಾಡಿ ನಿಂತಿದ್ದರು. ತುಂಬ ಹೊತ್ತು.

೩ ಏಪ್ರಿಲ್, ಬೆಳಿಗ್ಗೆ

ಹೊಲಿಗೆ ಮಿಷನ್ ಬಂತು. ಈ ಬಿಲ್ಡಿಂಗಿನ ಹೆಂಗಸರಿಗೆಲ್ಲ ಹೊಲಿಸಲಿಕ್ಕೆ ಉಂಟಂತೆ. ಬಟ್ಟೆ, ನೂಲು ಇಡಲಿಕ್ಕೆ ಇನ್ನೊಂದು ಕಪಾಟು ಬೇಕು. ಈ ಸಲ ಪೀಠ ಮೊದಲು!

ಮೇಲಿನ ತಟ್ಟೆ ಎಷ್ಟು ಎತ್ತರಕ್ಕೆ ಇಡುವ, ಕೇಳಿದರು. ನನಗೆ ಎಟಕುವಷ್ಟು, ಅಂದೆ. "ಹಾಗಾದರೆ ಬಾ" ಅಂತ ಗೋಡೆಗೆ ನಿಲ್ಲಿಸಿದರು. ಕೈ ಎತ್ತಿ ನಿಂತೆ. ಬೆರಳ ತುದಿಗೆ ಸರಿಯಾಗಿ ಪೆನ್ಸಿಲಿನಲ್ಲಿ ಗೀಟು ಹಾಕಿದರು.

"ಕೈ ಇಳಿಸಬೇಡ. ಇನ್ನೊಮ್ಮೆ ನೋಡುತ್ತೇನೆ."

ನೋಡಲಿಕ್ಕೆ ಎಂತ ಉಂಟು, ಗೀಟು ಆಗಲೇ ಬಿದ್ದಾಗಿತ್ತು. ಇಬ್ಬರಿಗೂ ಗೊತ್ತಿತ್ತು. ಆದರೂ ನಾನು ಕೈ ಇಳಿಸಲಿಲ್ಲ. ಇವರು ಹತ್ತಿರ ಬಂದು…

ಇಲ್ಲ. ಇದನ್ನು ಬರೆಯುವುದು ಬೇಡ.